ಮನೆತನ ಕೇಳಲು ಹೋದ ಕತೆಗಾರ

ಬೈಲಹೊಂಗಲದ ಕಾಲೇಜೊಂದರಲ್ಲಿ ಈಚೆಗೆ ಕಥಾ ಕಮ್ಮಟ ನಡೆಯಿತು. ನಿವೃತ್ತ ಕತೆಗಾರನೆಂದು ನನ್ನನ್ನು ಕರೆದು, ಶಾಲು ಹೊದಿಸಿ, ಹುಡುಗ ಹುಡುಗಿಯರ ಎದುರು ಕೂರಿಸಿದರು. ಕತೆಗಾರನಿಗೂ ನಿವೃತ್ತಿ ಇರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಸರ್, ನಿಮಗ ಸ್ಫೂರ್ತಿ ಎಲ್ಲಿಂದ ಬರತಿತ್ತ್ರಿ?"

ಸ್ಫೂರ್ತಿ ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಗುಡ್ಡ ನೋಡಿದೆ, ಹೊಳೆ ನೋಡಿದೆ, ಕತೆ ಹುಟ್ಟಿತು ಎನ್ನುವವರನ್ನು ನಾನು ನಂಬುವುದಿಲ್ಲ. ಮಲಪ್ರಭೆಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅದು ನನಗೆ ಒಂದು ಸಾಲನ್ನೂ ಕೊಟ್ಟಿಲ್ಲ. ನನ್ನನ್ನು ಬರೆಸಿದ್ದು ಸಂಶಯ. ಎದುರು ಮನೆಯವರು ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹೋಳಿಗೆ ಮಾಡಿದ್ದೇಕೆ? ಬಸ್ ನಿಲ್ದಾಣದಲ್ಲಿ ಆ ಹೆಂಗಸು ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಕೂತೇ ಇರುವುದೇಕೆ? ನಿನ್ನೆಯವರೆಗೆ ಬೀಗನನ್ನು ಬಯ್ಯುತ್ತಿದ್ದ ಮನುಷ್ಯ ಇವತ್ತು ಹೊಗಳುತ್ತಿರುವುದೇಕೆ? ಇಂಥವುಗಳ ಬೆನ್ನು ಹತ್ತಿ ವಾರಪತ್ರಿಕೆಗಳಿಗೆ ಕತೆ, ಧಾರಾವಾಹಿ ಬರೆದೇ ಬದುಕಿದೆ. ಮನೆಯ ಕಿರಾಣಿ ಅಂಗಡಿಯನ್ನು ತಮ್ಮ ನೋಡಿಕೊಂಡ. ನಾನು ಅಂಗಡಿಗೆ ಬಂದವರನ್ನು ನೋಡಿಕೊಂಡೆ.

ಕಮ್ಮಟದಲ್ಲಿ ಇಷ್ಟನ್ನು ಹೇಳಲು ಸಮಯ ಕೊಡಲಿಲ್ಲ. ಊಟದ ಹೊತ್ತಾಯಿತು, ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದರು. ಬರೆಯುತ್ತಿದ್ದೇನೆ. ಪ್ರಶಸ್ತಿ, ಸನ್ಮಾನಗಳನ್ನು ಬಿಟ್ಟಿದ್ದೇನೆ. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ.

ನನಗೆ ಕಸಬು ಕಲಿಸಿದವನು ಸವದತ್ತಿಯ ಸೋದರಮಾವ ಗುರಸಿದ್ದಪ್ಪ. ಅವನು ಆಯುಷ್ಯದಲ್ಲಿ ಒಂದು ಕತೆ ಓದಿದವನಲ್ಲ. ಆದರೆ ನಮ್ಮ ಬಳಗದಲ್ಲಿ ಯಾರ ಮದುವೆಯ ಮಾತು ಬಂದರೂ ಮನೆತನ ವಿಚಾರಿಸಲು ಅವನನ್ನೇ ಕಳಿಸುತ್ತಿದ್ದರು. ನಮ್ಮ ಕಡೆ ಮದುವೆ ಗಟ್ಟಿ ಮಾಡುವ ಮೊದಲು ಮನೆತನ ಕೇಳುವ ರೂಢಿಯುಂಟು. ಕೇಳಲು ಹೋದವನು ಆ ಮನೆಯ ಹೊಸ್ತಿಲು ತುಳಿಯಬಾರದು, ತನ್ನ ಹೆಸರು ಹೇಳಬಾರದು, ಬಂದ ಕಾರಣ ಬಿಡಬಾರದು. ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಚಹಾದಂಗಡಿ ಇಂಥಲ್ಲಿ ಕೂತು, ಮಾತಿಗೆ ಮಾತು ತೆಗೆದು, ಮನೆಯ ಒಳಹೊರಗನ್ನು ತಿಳಿದುಕೊಂಡು ಬರಬೇಕು. ಓದು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಮಾವ ಜೊತೆಗೆ ಕರೆದೊಯ್ಯುತ್ತಿದ್ದ.

ಒಮ್ಮೆ ಹೂಲಿಗೆ ಹೋದೆವು. ಹಳೆಯ ಗುಡಿ ನೋಡಲು ಬಂದವರ ಹಾಗೆ ಕಟ್ಟೆಯ ಮೇಲೆ ಕೂತೆವು. ಮಾವ ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. ನಾವು ವಿಚಾರಿಸಬೇಕಾದ ಮನೆಯ ಮಾಳಿಗೆಯನ್ನೇ ನೋಡುತ್ತಿದ್ದ.

"ಎರಡು ಕಡೆ ಹೊಗಿ ಏಳಾಕತ್ತೈತಿ ನೋಡು. ಅಣ್ಣ ತಮ್ಮ ಕೂಡೇ ಅದೀವಿ ಅಂದಿದ್ರಲ್ಲ? ಒಲಿ ಬ್ಯಾರೆ ಆಗ್ಯಾವ," ಎಂದ.

ಆಮೇಲೆ ಚಹಾದಂಗಡಿಗೆ ಹೋಗಿ ಅವನು ಕೇಳಿದ್ದು ಆ ಮನೆಯ ಎತ್ತುಗಳ ಬಗ್ಗೆ. ಅಂಗಡಿಯಲ್ಲಿದ್ದವರು ಎತ್ತಿನಿಂದ ಹೊಲಕ್ಕೆ, ಹೊಲದಿಂದ ಹಂಚಿಕೆಗೆ, ಹಂಚಿಕೆಯಿಂದ ನೆಗೆಣ್ಣಿಯರ, ಅಂದರೆ ಅಣ್ಣತಮ್ಮಂದಿರ ಹೆಂಡಿರ, ಜಗಳಕ್ಕೆ ತಾವಾಗಿಯೇ ಬಂದರು. ನಾವು ಚಹಾ ಕುಡಿದದ್ದಷ್ಟೇ. ವಾಪಸ್ಸು ಬರುವಾಗ ಮಾವ ಒಂದು ಮಾತು ಹೇಳಿದ: "ಕೇಳೂದಕ್ಕಿಂತ ಮೊದಲ ಹೇಳಾಂವನ್ನ ನಂಬಬ್ಯಾಡ." ಕತೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನ ಪಾಠವನ್ನು ಯಾವ ಕಮ್ಮಟದಲ್ಲೂ ನಾನು ಕೇಳಿಲ್ಲ.

ಈಗ ಮನೆಮನೆಗೂ ಗ್ಯಾಸ್ ಬಂದು ಹೊಗೆ ಹೋಗಿದೆ. ಮೊಬೈಲಿನಲ್ಲಿ ಫೋಟೊ ನೋಡಿಯೇ ಎಲ್ಲ ಮುಗಿಸುತ್ತಾರಂತೆ ಎಂದು ಹುಡುಗರು ಹೇಳುತ್ತಾರೆ. ಸುಳ್ಳು. ಫೋಟೊ ನೋಡಿ ಹೂಂ ಅಂದವರೂ ಮರುದಿನ ಗಿರಣಿಯ ಕಟ್ಟೆಗೆ ಬಂದೇ ಬರುತ್ತಾರೆ.

ನನ್ನ ಬರವಣಿಗೆಯ ಕ್ರಮವೂ ಅದೇ ಆಯಿತು. ಒಂದು ಪಾತ್ರ ತಲೆಗೆ ಬಂದರೆ ಮೊದಲು ಅದರ ಮನೆತನ ಕೇಳುತ್ತಿದ್ದೆ. ಕತೆಯಲ್ಲಿ ಬಳೆಗಾರ ಬೇಕೆಂದರೆ ರಾಮದುರ್ಗದ ಕಡೆ ಒಬ್ಬ ಬಳೆಗಾರನ ಓಣಿಗೆ ಹೋಗಿ ಕೂರುತ್ತಿದ್ದೆ. ಅವನನ್ನು ಭೇಟಿಯಾಗುತ್ತಿರಲಿಲ್ಲ. ಭೇಟಿಯಾದರೆ ಮನುಷ್ಯ ತನ್ನ ಬಗ್ಗೆ ಚೆನ್ನಾಗಿರುವುದನ್ನೇ ಹೇಳುತ್ತಾನೆ. ನೆರೆಯವರು ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದರ್ಧಕ್ಕೆ ನನ್ನದಿಷ್ಟು ಕೂಡಿಸಿ, ಬೆಳಿಗ್ಗೆ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಬರೆಯಲು ಕೂರುತ್ತಿದ್ದೆ. ಬರೆದದ್ದು ಸಲೀಸಾಗಿ ಬಂದ ದಿನ ಅದನ್ನು ಹರಿದುಹಾಕುತ್ತಿದ್ದೆ. ಸಲೀಸಾಗಿ ಬಂದದ್ದು ಎಲ್ಲೋ ಓದಿದ್ದೇ ಇರಬೇಕೆಂಬ ಗುಮಾನಿ.

ಹುಬ್ಬಳ್ಳಿಯಲ್ಲಿ ಒಬ್ಬ ಸಂಪಾದಕರಿದ್ದರು. ನನಗೆ ಮೇಲಧಿಕಾರಿ ಎಂದು ಯಾರಾದರೂ ಇದ್ದರೆ ಅವರೇ. ನನ್ನನ್ನು ಮೀರಿದ ಸಂಶಯದ ಮನುಷ್ಯ. ಕತೆ ಓದಿ ಮುಗಿಸಿದ ಮೇಲೆ ಚೆನ್ನಾಗಿದೆ, ಇಲ್ಲ ಎಂದು ಹೇಳುತ್ತಿರಲಿಲ್ಲ. ಕನ್ನಡಕ ಕೆಳಗಿಳಿಸಿ ಕೇಳುತ್ತಿದ್ದರು:

"ಈ ಹೆಣಮಗಳು ಎಲ್ಲಿ ಇರತಾಳ?"

"ಎಲ್ಲೂ ಇಲ್ಲರಿ. ಕಲ್ಪನಾ."

"ಕಲ್ಪನಾದಾಗಿನ ಹೆಂಗಸು ಸೆರಗಿನಾಗ ಬಿಸಿ ಬೋಗೋಣಿ ಇಳಸೂದಿಲ್ಲಪಾ. ಊರ ಬದಲ ಮಾಡು."

ಬದಲು ಮಾಡುತ್ತಿದ್ದೆ. ಸವದತ್ತಿಯವಳನ್ನು ರಾಮದುರ್ಗಕ್ಕೆ, ರಾಮದುರ್ಗದವನನ್ನು ಕಿತ್ತೂರಿಗೆ ಕಳಿಸುತ್ತಿದ್ದೆ. ಅದರಿಂದಾದ ಅನಾಹುತ ಬೇರೆಯದೇ. ಒಂದು ಕತೆಯಲ್ಲಿ ಅತ್ತೆಯೊಬ್ಬಳು ಸೊಸೆಯ ತವರಿನಿಂದ ಬಂದ ಉಂಡಿಗಳನ್ನು ಅಡಗಿಸಿಟ್ಟು ಒಬ್ಬಳೇ ತಿನ್ನುತ್ತಾಳೆ. ನೋಡಿದ್ದು ಬೈಲಹೊಂಗಲದಲ್ಲಿ, ಬರೆದದ್ದು ಸವದತ್ತಿಯೆಂದು. ಪತ್ರಿಕೆ ಬಂದ ವಾರವೇ ಸವದತ್ತಿಯಿಂದ ಜನ ಬಂದರು, ಬೇರೆ ಬೇರೆ ಮನೆಗಳಿಂದ, ಬೇರೆ ಬೇರೆ ದಿನ. ಎಲ್ಲರದೂ ಒಂದೇ ಮಾತು, ನಮ್ಮ ಅವ್ವನ ಮಾನ ಕಳೆದಿರಿ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನಿಜವಾಗಿ ಉಂಡಿ ತಿಂದ ನಮ್ಮ ಓಣಿಯ ಮುದುಕಿ ಮಾತ್ರ ಆ ಕತೆಯನ್ನು ಮೊಮ್ಮಗಳಿಂದ ಓದಿಸಿಕೊಂಡು, "ಎಂಥಾ ಹಲ್ಕಾ ಮುದುಕಿ ಇದ್ದಾಳ ಅಕಿ," ಎಂದು ನನ್ನೆದುರೇ ಬಯ್ದಳು.

ಧಾರಾವಾಹಿಯೊಂದರಲ್ಲಿ ಒಬ್ಬ ಅಜ್ಜಿಯನ್ನು ಸಾಯಿಸಿ, ಅದನ್ನು ಮರೆತು, ಕೆಲವು ವಾರಗಳ ಮೇಲೆ ಅವಳ ಕೈಯಲ್ಲಿ ರೊಟ್ಟಿ ಬಡಿಸಿದ್ದೂ ಉಂಟು. ಓದುಗರು ಪತ್ರ ಬರೆದು ಬೆಂಡೆತ್ತಿದರು. ಸಂಪಾದಕರು ತಣ್ಣಗೆ, "ರೊಟ್ಟಿ ಚೊಲೋ ಬಂದಾವ. ಸತ್ತದ್ದ ತಗದುಬಿಡು," ಎಂದರು. ಪುಸ್ತಕವಾಗುವಾಗ ಅಜ್ಜಿ ಬದುಕಿಕೊಂಡಳು.

ಇದರ ಜೊತೆಗೆ ಒಂದು ಶಿಕ್ಷೆಯಿದೆ, ಕಸಬಿಗೆ ಬರುವವರು ತಿಳಿದಿರಲಿ. ನೀವು ಊರನ್ನು ಸಂಶಯದಿಂದ ನೋಡಿದರೆ ಊರೂ ನಿಮ್ಮನ್ನು ಹಾಗೆಯೇ ನೋಡುತ್ತದೆ. ನಾನು ಕಾಲಿಟ್ಟ ಕಡೆ ಮಾತು ನಿಲ್ಲುತ್ತಿತ್ತು. ಮದುವೆ ಮನೆಗಳಲ್ಲಿ ನನ್ನನ್ನು ಕಿವುಡ ಮುದುಕರ ಸಾಲಿನಲ್ಲೇ ಊಟಕ್ಕೆ ಕೂರಿಸುತ್ತಿದ್ದರು. ನನ್ನ ಹೆಂಡತಿ ಕಸ್ತೂರಿಯೂ, "ನಿಮ್ಮ ಮುಂದ ಪಲ್ಯಾಕ ಉಪ್ಪು ಕಡಿಮಿ ಆತು ಅನ್ನಾಕೂ ಹೆದರಿಕಿ ಬರತೈತ್ರಿ," ಎನ್ನುತ್ತಾಳೆ. ಇದರ ನೋವು ನನಗಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ.

ಇನ್ನು ನನ್ನ ಕೊನೆಯ ಕಾದಂಬರಿಯ ಮಾತು. ಈ ಬರಹಕ್ಕೆ ನಾನು ಒಪ್ಪಿದ್ದೂ ಅದರ ಸಲುವಾಗಿಯೇ.

ಊರಿನ ಹೆಂಗಸರ ರವಿಕೆ ಹೊಲಿಯುವವಳಿಗೆ ಊರಿನ ಗುಟ್ಟೆಲ್ಲ ಗೊತ್ತಿರಬೇಕಲ್ಲ ಎಂಬ ಯೋಚನೆ ಬಂತು. ಯಾರು ಬಸಿರು, ಯಾರು ಸೊರಗುತ್ತಿದ್ದಾರೆ, ಯಾರು ಹಳೆಯದನ್ನೇ ಬಿಚ್ಚಿ ಹೊಲಿಸುತ್ತಿದ್ದಾರೆ ಎಂಬುದೆಲ್ಲ ಅಳತೆಯ ಟೇಪಿಗೆ ಮೊದಲು ತಿಳಿಯುತ್ತದೆ. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಬಹಳ ಚೆನ್ನಾಗಿ ಹೊಲಿಯುತ್ತಾಳೆ, ಅಕ್ಕಪಕ್ಕದ ಊರಿನವರೂ ಬಟ್ಟೆ ತಂದು ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಬಸ್ಸು ಹತ್ತಿದೆ.

ಸಾಲಹಳ್ಳಿಯಲ್ಲಿಳಿದು ನೇರ ಹಿಟ್ಟಿನ ಗಿರಣಿಯ ಕಟ್ಟೆಗೆ ಹೋಗಿ ಕೂತೆ. ಗಿರಣಿಯವನ ಹೆಸರು ಈರಪ್ಪ. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ.

"ಯಾವೂರ್ರಿ ಯಜಮಾನ್ರ?"

"ಬೈಲಹೊಂಗಲ."

"ಯಾರ ಮನಿಗಿ ಬಂದೀರಿ?"

"ಯಾರ ಮನಿಗೂ ಅಲ್ಲ. ಅಲ್ಲೆ ಹೊಲಿಗಿ ಮಷೀನ್ ಸಪ್ಪಳ ಕೇಳಾಕತ್ತೈತಲ್ಲ, ಯಾರ ಮನಿ ಅದು?"

ಈರಪ್ಪ ಗಿರಣಿಯನ್ನೇ ಬಂದ್ ಮಾಡಿದ. ಹತ್ತಿರ ಬಂದು ಕೂತು ದನಿ ತಗ್ಗಿಸಿದ. "ಶಿವಲೀಲಾ ಅಂತ್ರಿ. ಹುಡುಗಿ ಚೊಲೋ, ಕೈಗುಣಾ ಚೊಲೋ. ಆದ್ರ ತಾಯಿ ಕಡೆಯಿಂದ ಫಿಟ್ಸ್ ಬರೂದೈತಿ. ಈಕಿಗೂ ಒಮ್ಮೆ ಬಂದು ಮಷೀನ್ ಮ್ಯಾಲ ಬಿದ್ದಿದ್ಲು. ನಾ ಹೇಳಿದೆ ಅನ್ನಬ್ಯಾಡ್ರಿ ಮತ್ತ."

ಕೇಳದೆಯೇ ಹೇಳಿದ. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು. ಮಾತು ಅಚ್ಚುಕಟ್ಟಾಗಿತ್ತು, ಮೊದಲಿತ್ತು, ಕೊನೆಯಿತ್ತು. ಬೀಳುವುದಕ್ಕೆ ಸರಿಯಾಗಿ ಹೊಲಿಗೆ ಯಂತ್ರವೂ ಇತ್ತು. ಊರ ಮಾತು ಹೀಗಿರುವುದಿಲ್ಲ, ನಡುವೆ ಎಲ್ಲೋ ಹರಿದಿರುತ್ತದೆ. ಇದನ್ನು ಯಾರೋ ಕೂತು ಕಟ್ಟಿದ್ದಾರೆ ಎನಿಸಿತು. ಆದರೆ ನನಗೇಕೆ ಆ ಉಸಾಬರಿ? ನನಗೆ ಬೇಕಾಗಿದ್ದ ಓಣಿ, ಕಿಟಕಿ, ಯಂತ್ರದ ಸದ್ದು ಸಿಕ್ಕಿದ್ದವು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ.

ಕತೆಗಾರನೆಂದು ನನ್ನನ್ನು ಬಲ್ಲವರು ಸಾಲಹಳ್ಳಿಯಲ್ಲಿ ಯಾರೂ ಇರಲಿಲ್ಲ. ಪರವೂರಿನ ಒಬ್ಬ ಮುದುಕ, ಹೆಸರು ಹೇಳುವುದಿಲ್ಲ, ಗಿರಣಿಯ ಕಟ್ಟೆಯ ಮೇಲೆ ಕೂತು ಮದುವೆಯಾಗದ ಹೆಣ್ಣುಮಗಳ ಮನೆ ಕೇಳುತ್ತಾನೆ ಎಂದರೆ ಊರು ಏನು ತಿಳಿಯಬೇಕೋ ಅದನ್ನೇ ತಿಳಿಯಿತು. ಗಂಡಿನ ಕಡೆಯವನು ಮನೆತನ ಕೇಳಲು ಬಂದಿದ್ದಾನೆ ಎಂದುಕೊಂಡಿತು. ಇದು ನನ್ನ ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಏಟು ಬಿದ್ದದ್ದು ನನಗಲ್ಲ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಕಾದಂಬರಿ ಬರೆಯುತ್ತ ಕೂತಿದ್ದಾಗ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಳು. ಯಾರೆಂದು ಹೇಳುವುದೇ ಬೇಕಾಗಲಿಲ್ಲ.

"ಸಾಲಹಳ್ಳಿ ಗಿರಣಿಗೆ ಬಂದಾವ್ರು ನೀವ ಅಲ್ರಿ ಕಾಕಾರ? ನಿಮ್ಮ ಚೀಲದ ಮ್ಯಾಲ ಅಂಗಡಿ ಹೆಸರಿತ್ತಂತ. ಕೇಳಕೋಂತ ಬಂದೆ."

"ಹೌದವಾ, ನಾನ."

"ಯಾರ ಕಡೆಯಿಂದ ಬಂದಿದ್ರಿ? ಹುಡುಗ ಯಾರು? ಬ್ಯಾಡ ಅನ್ನಾಕ ನಮ್ಮ ಮನ್ಯಾಗ ಏನ ಕಂಡ್ರಿ?"

ನನಗೆ ಒಂದೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕಿತ್ತೂರಿನ ಒಂದು ಮನೆಯವರು ಬಂದು, ನೋಡಿ, ಒಪ್ಪಿ ಹೋಗಿದ್ದರು. ಹುಡುಗ ಅವಳಿಗೂ ಮನಸ್ಸಿಗೆ ಬಂದಿದ್ದ. ಅಷ್ಟರಲ್ಲಿ ಬೈಲಹೊಂಗಲದವರಾರೋ ಮನೆತನ ಕೇಳಿ, ತಿರುಗಿ ಬಾರದೆ ಹೋದರು ಎಂಬ ಸುದ್ದಿ ಕಿತ್ತೂರಿಗೆ ಮುಟ್ಟಿತು. ಕೇಳಿ ಹೋದವರು ಬರಲಿಲ್ಲವೆಂದರೆ ಏನೋ ಕಂಡಿರಬೇಕು ಎಂದು ಅವರು ಹಿಂದೆ ಸರಿದಿದ್ದಾರೆ. ಫೋನ್ ಮಾಡಿದರೆ ಎತ್ತುತ್ತಿಲ್ಲ.

"ನಾ ಯಾವ ಗಂಡಿನ ಕಡೆಯಾಂವೂ ಅಲ್ಲವಾ. ಕತಿ ಬರಿಯಾಂವ. ನಿನ್ನಂಗ ಹೊಲಿಗಿ ಮಾಡಾಕಿ ಒಬ್ಬಾಕಿ ಬೇಕಾಗಿತ್ತು ಕತಿಗೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಂದಕ್ಷರವನ್ನೂ ನಂಬಲಿಲ್ಲ. ಅಷ್ಟರಲ್ಲಿ ಚಹಾ ತಂದ ಕಸ್ತೂರಿ, "ಖರೇನ ಐತವಾ. ಇವರಿಗೆ ಬ್ಯಾರೆ ಉದ್ಯೋಗ ಇಲ್ಲ," ಎಂದಳು. ಹೆಂಡತಿ ಬಯ್ಯುವ ದನಿಯಲ್ಲಿ ಹೇಳಿದ್ದರಿಂದ ಶಿವಲೀಲಾ ನಂಬಿದಳು.

ಚಹಾದ ಲೋಟ ಕೈಯಲ್ಲೇ ಹಿಡಿದು ಕೂತಳು. ಅವಳ ಕಣ್ಣು ತುಂಬಿದವು. ನನಗೆ ಆ ಹೊತ್ತಿಗೆ ನನ್ನ ಕಸಬಿನ ಮೇಲೇ ಹೇಸಿಗೆ ಬಂತು. ಆದರೂ ಒಂದು ಮಾತು ಕೇಳಬೇಕಾಗಿತ್ತು.

"ನಿಮ್ಮ ಮನ್ಯಾಗ ಯಾರಿಗರೆ ಫಿಟ್ಸ್ ಐತೇನವಾ?"

"ಯಾರಂದ್ರು?" ಲೋಟ ಕೆಳಗಿಟ್ಟಳು. "ಅವ್ವಗ ಲಕ್ವಾ ಹೊಡದು ಬಲಗೈ ಬಿದ್ದೈತಿ. ಅದನ್ನ ನಾನೂ ಅಣ್ಣನೂ ಎಲ್ಲಾರಿಗೂ ಹೇಳೇವಿ. ಫಿಟ್ಸ್ ಇಲ್ಲ. ಇದ್ದಿದ್ರ ಐತಿ ಅಂತಿದ್ದೆ, ಅದಕೇನು, ಗುಳಿಗಿ ಐತಿ, ಮಂದಿ ತೊಗೊಂಡು ಆರಾಮ ಇರತಾರ. ಇಲ್ಲದ್ದನ್ನ ಯಾಕ ಹೊರಲಿ?"

ಹೊರಡುವಾಗ ಬಾಗಿಲಲ್ಲಿ ತಿರುಗಿ, "ಕಿತ್ತೂರಿಗೆ ಹೋಗಿ ಹೇಳ್ರಿ ಕಾಕಾರ. ನೀವು ಕೆಡಿಸಿದ್ದನ್ನ ನೀವ ನೆಟ್ಟಗ ಮಾಡ್ರಿ," ಎಂದಳು.

ಮರುದಿನವೇ ಕಿತ್ತೂರಿಗೆ ಹೋದೆ. ಹುಡುಗನ ತಂದೆ ಚನ್ನಬಸಪ್ಪನವರದು ಹೆದ್ದಾರಿಯ ಬದಿಗೆ ಬೀಜ, ಗೊಬ್ಬರದ ಅಂಗಡಿ. ನಾನು ಕತೆಗಾರನೆಂಬುದಕ್ಕೆ ಸಾಕ್ಷಿ ಬೇಕಾದೀತೆಂದು ನನ್ನ ಕಾದಂಬರಿಗಳನ್ನು ಚೀಲದಲ್ಲಿ ಒಯ್ದಿದ್ದೆ. ನನ್ನ ಜೀವನದ ದೊಡ್ಡ ಮೂರ್ಖತನ ಅದು. ನಡೆದದ್ದನ್ನೆಲ್ಲ ಹೇಳಿ ಪುಸ್ತಕಗಳನ್ನು ಮುಂದಿಟ್ಟೆ. ಅವರು ಒಂದನ್ನೆತ್ತಿ ಹಾಳೆ ತಿರುವಿದರು.

"ಇದರಾಗ ಬರದದ್ದು ಖರೇ ಏನ್ರಿ?"

"ಇಲ್ಲರಿ. ಕಾದಂಬರಿ. ಕಟ್ಟಿದ್ದು."

"ಇದು?"

"ಅದೂ ಕಟ್ಟಿದ್ದ."

"ಅಂದ್ರ ಇಷ್ಟೂ ಸುಳ್ಳು. ಆಯುಷ್ಯಪೂರ್ತಿ ಇದನ್ನ ಮಾಡಕೋಂತ ಬಂದೀರಿ. ಈಗ ಬಂದು, ಹುಡುಗಿ ಮನ್ಯಾಗ ಏನೂ ತೊಂದರಿ ಇಲ್ಲ ಅಂತ ಹೇಳಾಕತ್ತೀರಿ."

ಅಂಗಡಿಯಲ್ಲಿದ್ದವರು ನಕ್ಕರು. ಚನ್ನಬಸಪ್ಪನವರು ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು. ಆಮೇಲೆ ಮೆಲ್ಲಗೆ, "ಕತೆಗಾರ್ರ, ನಿಮ್ಮನ್ನ ಹುಡುಗಿ ಕಡೆಯವ್ರ ಕಳಿಸ್ಯಾರ ಅಂತ ನಮಗ ಗೊತ್ತಾಗೂದಿಲ್ಲೇನು? ನಿಮ್ಮ ಮಾತ ಬಿಡ್ರಿ. ನಾವೂ ಗಿರಣಿಯವನ್ನ ಕೇಳೇವಿ. ತಾಯಿ ಕಡೆಯಿಂದ ಫಿಟ್ಸ್ ಐತಿ, ಹುಡುಗಿ ಮಷೀನ್ ಮ್ಯಾಲ ಬಿದ್ದಿದ್ಲು ಅಂದ," ಎಂದರು.

"ಅದು ಸುಳ್ಳರಿ," ಎಂದೆ.

"ಸುಳ್ಳು ಅಂತ ಯಾರ ಹೇಳಾಕತ್ತಾರ ನೋಡ್ರಿ!" ಎಂದರು. ಮತ್ತೆ ನಗು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮುರಿಯುವುದಕ್ಕೆ ಒಂದೇ ಸಾಕು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೆದ್ದಾರಿ ದಾಟುವಾಗ ಅವಮಾನದಿಂದ ಮೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು, ಗಿರಣಿಯವ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದ್ದ, ಅದೇ ಮಾತು, ಅದೇ ಯಂತ್ರ. ಯಾರು ಕಲಿಸಿದ್ದು ಅವನಿಗೆ?

ಬಸ್ಸಿನಲ್ಲಿ ಕೂತು ಎಲ್ಲರನ್ನೂ ಅನುಮಾನಿಸಿದೆ. ಈರಪ್ಪನನ್ನು, ಹೊಲಿಗೆಯಲ್ಲಿ ಪೈಪೋಟಿಗೆ ಬಿದ್ದ ಮತ್ತಾರನ್ನೋ, ಹಿಂದೆಂದೋ ಬೇಡವೆನಿಸಿಕೊಂಡ ಗಂಡಿನವರನ್ನು. ಚನ್ನಬಸಪ್ಪನವರನ್ನೂ ಬಿಡಲಿಲ್ಲ. ಮತ್ತೆ ಸಾಲಹಳ್ಳಿಗೆ ಹೋಗಿ ಗಿರಣಿಯ ಕಟ್ಟೆಯ ಮೇಲೆ ಕೂತೆ. ಈ ಸಲ ಎತ್ತಿನ ಮಾತು, ಮಳೆಯ ಮಾತು ಏನೂ ಎತ್ತಲಿಲ್ಲ. ಯಾರೆಂದು, ಯಾಕೆ ಬಂದೆನೆಂದು ನೇರವಾಗಿಯೇ ಹೇಳಿ ಕೇಳಿದೆ. ಈರಪ್ಪ ಬೆವರಿದ.

"ನಾ ಎಲ್ಲಿಂದ ಹುಟ್ಟಸಲ್ರೀ ಯಜಮಾನ್ರ? ಅವರಣ್ಣನ ಹೇಳ್ಯಾನ. ಯಾರರೆ ಕೇಳಾಕ ಬಂದ್ರ ಇಷ್ಟ ಹೇಳು ಅಂದ. ಮನಿಯವನ ಹೇಳಿದ ಮ್ಯಾಲ ಸುಳ್ಳ ಅಂತ ನಾ ಹ್ಯಾಂಗ ಅನ್ನಲಿ?"

ಒಡಹುಟ್ಟಿದ ಅಣ್ಣ. ಇಷ್ಟೊಂದು ಜನರನ್ನು ಅನುಮಾನಿಸಿದ ನನಗೆ ಅವನ ನೆನಪೇ ಬಂದಿರಲಿಲ್ಲ.

ನನಗೀಗ ಎರಡೂ ಕಡೆ ಗೋಡೆ. ಅಣ್ಣನ ಹೆಸರು ಹೇಳಿದರೆ, ತಂಗಿಗೆ ರೋಗ ಹಚ್ಚುವ ಮನೆತನ ಯಾರಿಗೆ ಬೇಕು ಎಂದು ಕಿತ್ತೂರಿನವರು ಅದಕ್ಕೂ ಬೇಡ ಎನ್ನುತ್ತಾರೆ. ಹೇಳದಿದ್ದರೆ ಇಲ್ಲದ ರೋಗ ಅವಳ ಹೆಸರಿಗೆ ಅಂಟಿಯೇ ಉಳಿಯುತ್ತದೆ. ಅವಳಿಗಾದರೂ ಏನು ಹೇಳಲಿ? ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಒಂದು ಸುಳ್ಳು ಕಟ್ಟಿದ್ದೆ, ಯಾರೋ ದೂರದ ವೈರಿಯೊಬ್ಬನ ಕತೆ. ಕೈಗೆ ಹತ್ತಿದ ಕಸಬು, ತಾನಾಗಿಯೇ ಬಂತು.

ಅವರ ಮನೆಗೆ ಹೋದೆ. ಶಿವಲೀಲಾ ಕಿಟಕಿಯ ಬಳಿ ಹೊಲಿಯುತ್ತಿದ್ದಳು. ತಾಯಿ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಣ್ಣ ಹೊಲದಿಂದ ಬಂದವನು ನನಗೆ ನೀರು ತಂದುಕೊಟ್ಟ. ಮುಖದಲ್ಲಿ ಯಾವ ಕೇಡೂ ಇರಲಿಲ್ಲ. ಸಣಕಲು ಮನುಷ್ಯ, ದನಿಯೂ ಮೆದು. ಕಿತ್ತೂರಿನಲ್ಲಿ ಆದದ್ದನ್ನು ಹೇಳಿದೆ. ಫಿಟ್ಸ್ ಎಂಬ ಮಾತು ಬಂದ ಕೂಡಲೇ ಅವನು ಎದ್ದು ಬಾಗಿಲ ಕಡೆ ನಡೆದ.

"ಗಿರಣಿ ಈರಪ್ಪಗ ಯಾರ ಹೇಳ್ಯಾರಂತ್ರಿ?" ಶಿವಲೀಲಾ ಕೇಳಿದಳು.

ಕಟ್ಟಿಕೊಂಡು ಬಂದ ಸುಳ್ಳು ಬಾಯಲ್ಲೇ ಇತ್ತು. ಆ ತಾಯಿ ನನ್ನನ್ನೇ ನೋಡುತ್ತಿದ್ದಳು. ನನಗೆ ಹೇಳಲಾಗಲಿಲ್ಲ.

"ನಾನ ಹೇಳೇನಿ," ಎಂದ ಅಣ್ಣ, ಬಾಗಿಲ ಕಡೆ ಮುಖ ಮಾಡಿಕೊಂಡೇ. "ಅವ್ವ ನಿನ್ನ ಕೈಲೇ ಬಿಟ್ರ ಯಾರ ಕೈಲೇನೂ ಉಣ್ಣೂದಿಲ್ಲ. ನಾ ತುತ್ತು ಇಟ್ರ ಬಾಯಿ ಮುಚ್ಚತಾಳ. ನನ್ನ ಹೇಣತಿ ಇಟ್ರ ಉಗುಳತಾಳ. ನೀ ಹೋದ್ರ ಅಕಿ ಉಳೀತಾಳೇನು?"

ಶಿವಲೀಲಾ ಹಿಡಿದ ಹೊಲಿಗೆಯನ್ನು ಕೊನೆಯವರೆಗೆ ಓಡಿಸಿದಳು. ದಾರ ಹರಿದಳು. ಬಟ್ಟೆ ಮಡಚಿಟ್ಟಳು. ಆಮೇಲೆ ಮಾತಾಡಿದಳು.

"ತಂಗೀನ ಕೊಡೂದಿಲ್ಲ ಅಂತ ಹೇಳಬೇಕಾಗಿತ್ತಣ್ಣ. ಬಾಯಿ ಬಿಟ್ಟ ಅಷ್ಟ ಅನ್ನಬೇಕಾಗಿತ್ತು. ರೋಗ ಯಾಕ ಹಚ್ಚಿದಿ?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಅವ್ವನ್ನ ಬಿಟ್ಟು ಹೋಗತೇನಿ ಅಂತ ನಾ ಯಾವಾಗ ಅಂದಿದ್ದೆ? ಕರಕೊಂಡ ಹೋಗತೇನಿ ಅಂತ ಹುಡುಗನ ಮುಂದ ಹೇಳಬೇಕಂತ ಮಾಡಿದ್ದೆ. ನೀ ನನ್ನ ಒಂದ ಮಾತು ಕೇಳಿದ್ರ ನಿನಗೂ ಹೇಳತಿದ್ದೆ. ಊರ ಮಂದೀಗೆಲ್ಲಾ ಹೇಳಿದಿ, ನನ್ನ ಕೇಳಲಿಲ್ಲ."

ತಾಯಿ ಎಡಗೈ ಎತ್ತಿ ಮಗನತ್ತ ಚಾಚಿದಳು. ಬಯ್ಯಲೋ, ಹತ್ತಿರ ಕರೆಯಲೋ ನನಗೆ ತಿಳಿಯಲಿಲ್ಲ. ಅವನು ಬಂದು ಹೊರಸಿನ ಪಕ್ಕ ಕೆಳಗೆ ಕೂತು ಬಿಕ್ಕಿಬಿಕ್ಕಿ ಅತ್ತ. ಅಷ್ಟು ವಯಸ್ಸಿನ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಕತೆಗಾರನಾಗಿ ಅಲ್ಲಿ ಕೂತು ನೋಡುತ್ತಿರಲಾರದೆ ಎದ್ದು ಬಂದೆ.

ಅದೇ ಸಂಜೆ ಅಣ್ಣ ಗಿರಣಿಗೆ ಹೋಗಿ, ತಾನು ಹೇಳಿದ್ದು ಸುಳ್ಳೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡನಂತೆ. ಆದರೆ ಗಿರಣಿಗೆ ಹಾಕಿದ ಮಾತು ಎಲ್ಲರ ಹಿಟ್ಟಿನಲ್ಲೂ ಬೆರೆತು ಹೋಗಿತ್ತು. ಈಗ ಮುಚ್ಚಿಹಾಕುತ್ತಿದ್ದಾರೆ ಎಂದು ಊರವರು ಇನ್ನಷ್ಟು ನಂಬಿದರು. ಕಿತ್ತೂರಿನ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಯಿತು. ಶಿವಲೀಲಾ ಒಂದು ಸಲ ಅವನಿಗೇ ಫೋನ್ ಮಾಡಿ ನಡೆದದ್ದನ್ನು ಹೇಳಿದಳಂತೆ. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದವನು ಮತ್ತೆ ಫೋನ್ ಮಾಡಲಿಲ್ಲ. ಹೋಗಲಿ ಬಿಡು ಎಂದು ಕಸ್ತೂರಿ ಅವಳಿಗೆ ಸಮಾಧಾನ ಹೇಳಿದಳು. ನನಗೆ ಇನ್ನೂ ಹೋಗಲಿ ಎನ್ನಲು ಬರುವುದಿಲ್ಲ.

ನನ್ನ ಕಾದಂಬರಿ ಅಲ್ಲಿಗೇ ನಿಂತಿತು. ಕೂತರೆ ಕೈ ಓಡಲಿಲ್ಲ. ನಿವೃತ್ತಿ ಎಂದು ನಾನು ಕರೆಯುವುದು ಇದನ್ನೇ.

ಈಗೀಗ ಹುಡುಗರು ಮೊಬೈಲಿಗೆ ಹೇಳಿ ಕತೆ ಬರೆಸುತ್ತಾರೆ. ಕಮ್ಮಟದಲ್ಲಿ ಒಬ್ಬ ಹಾಗೆ ಬರೆಸಿದ್ದನ್ನು ಓದಿಯೂ ತೋರಿಸಿದ. ಚೆನ್ನಾಗಿತ್ತು, ಎಲ್ಲಿಯೂ ತಡವರಿಸಲಿಲ್ಲ. ಅದರ ಮೇಲೂ ನನಗೆ ಸಂಶಯ ಬಂತೆಂದು ಬೇರೆ ಹೇಳಬೇಕಿಲ್ಲ. ಆದರೆ ಈ ಸಂಶಯದ ಬಗ್ಗೆ ಮೊದಲಿದ್ದ ಹೆಮ್ಮೆ ನನಗೀಗ ಇಲ್ಲ.

ಸಂಚಿಕೆಗೆ ಬರಹ ಕೇಳಿದ ದಿನ ಶಿವಲೀಲಾಳಿಗೆ ಫೋನ್ ಮಾಡಿದೆ. ಇದನ್ನೆಲ್ಲ ಒಂದು ಕತೆ ಮಾಡಿ ಬರೆಯುತ್ತೇನೆ, ಹೆಸರು, ಊರು ಬದಲಿಸುತ್ತೇನೆ ಎಂದೆ.

"ಕತಿ ಬ್ಯಾಡ್ರಿ ಕಾಕಾರ. ಕತಿ ಅಂದ್ರ ಮಂದಿ ಇದನ್ನೂ ಸುಳ್ಳ ಅಂತಾರ. ಇದ್ದದ್ದ ಇದ್ದಂಗ ಬರೀರಿ. ನನ್ನ ಹೆಸರ ಹಾಕ್ರಿ, ಊರ ಹೆಸರೂ ಹಾಕ್ರಿ. ಅಣ್ಣನ ಹೆಸರ ಅಷ್ಟ ಬ್ಯಾಡ. ಅಂವ ಇದ ಊರಾಗ ಬಾಳೇ ಮಾಡಬೇಕು."

ಹಿಂದಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ಮಾತಾಡುತ್ತಲೇ ಹೊಲಿಯುತ್ತಿದ್ದಳು.

ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ. ಕಲಿಯುವ ಮಕ್ಕಳಿಗೆ ಇದರಿಂದ ಉಪಯೋಗವಾಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಈ ಸಂಚಿಕೆ ಮನೆಮನೆಗೆ ಹೋಗುತ್ತದೆ. ಯಾರ ಮನೆಯಲ್ಲಾದರೂ ಸಾಲಹಳ್ಳಿಗೆ ಹೋಗಿ ಮನೆತನ ಕೇಳುವ ಮಾತು ಬಂದರೆ, ಗಿರಣಿಯ ಕಟ್ಟೆಗೆ ಹೋಗಬೇಡಿ. ಹೊಲಿಗೆಯ ಸಪ್ಪಳ ಕೇಳುವ ಮನೆಗೆ ನೇರ ಹೋಗಿ, ನಿಮ್ಮ ಹೆಸರು ಹೇಳಿ, ಬಂದ ಕಾರಣ ಹೇಳಿ. ಶಿವಲೀಲಾಳಿಗೆ ಯಾವ ರೋಗವೂ ಇಲ್ಲ. ಅವಳ ಜೊತೆಗೆ ತಾಯಿಯೂ ಬರುತ್ತಾಳೆ. ಅದಕ್ಕೆ ಒಪ್ಪಿದವರು ಮಾತ್ರ ಹೋಗಿ.